ಬಾಂಗ್ಲಾದೇಶದ ಬೆಣ್ಣೆ

ಬಡ್ಡಿ ಇಳಿದರೆ ಹೂಡಿಕೆ ಏರಿಯೇ ಏರುತ್ತದೆ ಎಂದು ನಂಬುವವರು ಇಬ್ಬರೇ: ಅರ್ಥಶಾಸ್ತ್ರದ ಮೇಷ್ಟರು ಮತ್ತು ಸಾಲ ಕೊಡುವ ಮ್ಯಾನೇಜರು. ಈಗ ನಮ್ಮಣ್ಣನ ಮಗನೂ ಸೇರಿದ್ದಾನೆ. ಎಂ.ಎ. ಪ್ರಾಜೆಕ್ಟಿಗೆಂದು ರೆಪೊ ದರ, ಹಣದುಬ್ಬರ, ಜಿಡಿಪಿ, ಡಾಲರ್ ಬೆಲೆ ಎಲ್ಲವನ್ನೂ ಎಕ್ಸೆಲ್‌ಗೆ ತುಂಬಿ, ರಿಗ್ರೆಷನ್ ಓಡಿಸಿ, "ಚಿಕ್ಕಪ್ಪ, ಆರ್-ಸ್ಕ್ವೇರ್ ತೊಂಬತ್ನಾಲ್ಕು ಪರ್ಸೆಂಟ್!" ಎಂದು ಕುಣಿದ. ಎಸ್ಸೆಸ್ಸೆಲ್ಸಿಯಲ್ಲೂ ಅವನಿಗೆ ಇಷ್ಟು ಬಂದಿರಲಿಲ್ಲ.

2020ರ ಕತೆಯೇನಪ್ಪಾ ಎಂದೆ. ಆ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 4ಕ್ಕೆ ಇಳಿಸಿತ್ತು. ಇವನ ಸಮೀಕರಣದ ಪ್ರಕಾರ ಊರೂರಿಗೆ ಕಾರ್ಖಾನೆ ಏಳಬೇಕಿತ್ತು. ಆದರೆ ಲಾಕ್‌ಡೌನಿನಲ್ಲಿ ಜನ ಬಾಗಿಲು ಹಾಕಿಕೊಂಡು ಡಾಲ್ಗೋನಾ ಕಾಫಿ ಕಡೆಯುತ್ತಿದ್ದರು. "ಅದು ಔಟ್‌ಲಯರ್, ತೆಗೆದುಬಿಟ್ಟೆ" ಎಂದ. ಇಡೀ ವರ್ಷವನ್ನೇ! ಈ ಸೌಲಭ್ಯ ಸಂಸಾರಸ್ಥರಿಗೂ ಸಿಗಬೇಕಿತ್ತು.

ಹುಡುಗನನ್ನು ಅಂದು ಏನು ಫಲ? ಹೂಡಿಕೆಯನ್ನು ಹೀಗೆ ಅಂಕಿಗಳಲ್ಲಿ ಹಿಡಿಯಲು ಯಾನ್ ಟಿನ್‌ಬರ್ಗೆನ್ 1939ರಲ್ಲೇ ಲೀಗ್ ಆಫ್ ನೇಷನ್ಸ್‌ಗಾಗಿ ಪುಸ್ತಕ ಬರೆದರು. ಕೇನ್ಸ್ ಸಾಹೇಬರು ಅದನ್ನು ಜಾಲಾಡಿಬಿಟ್ಟರು. ಉದ್ಯಮಿಯ ಹುಮ್ಮಸ್ಸನ್ನು ಯಾವ ಕಾಲಮ್ಮಿನಲ್ಲಿ ತುಂಬುವುದು ಎಂಬುದು ಅವರ ಹಳೆಯ ತಕರಾರು. 1969ರಲ್ಲಿ ಅರ್ಥಶಾಸ್ತ್ರದ ಮೊದಲ ನೊಬೆಲ್ ಬಂದದ್ದು ಮಾತ್ರ ಟಿನ್‌ಬರ್ಗೆನ್‌ಗೆ, ಫ್ರಿಶ್ ಜೊತೆಗೆ. ಕೇನ್ಸ್ ಅಷ್ಟರಲ್ಲಿ ತೀರಿಹೋಗಿದ್ದರು. ಬದುಕಿದ್ದರೆ ನೊಬೆಲ್ ಸಮಿತಿಗೂ ಒಂದು ವಿಮರ್ಶೆ ಹೋಗುತ್ತಿತ್ತು.

ನನ್ನ ಮೆಚ್ಚಿನ ಮಾದರಿ ಡೇವಿಡ್ ಲೈನ್‌ವೆಬರ್ ಎಂಬಾತನದು. ಅಮೆರಿಕದ ಷೇರು ಸೂಚ್ಯಂಕದ ಏರಿಳಿತವನ್ನು ಅವನು ಬಾಂಗ್ಲಾದೇಶದ ಬೆಣ್ಣೆ ಉತ್ಪಾದನೆಯೊಂದರಿಂದಲೇ ಶೇ. 75ರಷ್ಟು ವಿವರಿಸಿದ. ಅಮೆರಿಕದ ಬೆಣ್ಣೆ, ಚೀಸ್ ಮತ್ತು ಎರಡೂ ದೇಶಗಳ ಕುರಿಗಳನ್ನು ಸೇರಿಸಿದ್ದೇ ತಡ, ಶೇ. 99! ಅವನು ಮಾಡಿದ್ದು ತಮಾಷೆಗೆ. ಆದರೂ ಬಾಂಗ್ಲಾದೇಶದಲ್ಲಿ ಈಗ ಬೆಣ್ಣೆ ಹೇಗಿದೆ ಎಂದು ವಿಚಾರಿಸಿದವರಿದ್ದರಂತೆ. ವರ್ಷ ವರ್ಷ ತಾನಾಗಿ ಏರುವ ಯಾವ ಎರಡು ಸಂಗತಿಗಳಿಗೂ ಇಂಥ ಸುಳ್ಳು ನಂಟು ಹುಟ್ಟಬಹುದೆಂದು ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಎಚ್ಚರಿಸಿದ್ದರು. ದೇಶದ ಜಿಡಿಪಿ, ನನ್ನ ಸೊಂಟದ ಸುತ್ತಳತೆ ಎರಡೂ ಏರುತ್ತಲೇ ಇವೆ. ಎರಡನೇ ಹೋಳಿಗೆಗೆ ಕೈ ಹಾಕುವಾಗ ದೇಶಸೇವೆ ಎನ್ನುತ್ತೇನೆ. ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಕೊನೆಗೆ ಹುಡುಗ ಸ್ವಂತ ತಾಯಿಯ ಚಿನ್ನದ ಖರೀದಿಗೇ ಮಾದರಿ ಕಟ್ಟಿದ. ಬೆಲೆ ಏರಿದರೆ "ಇನ್ನೂ ಏರುತ್ತೆ" ಎಂದು ಅತ್ತಿಗೆ ಕೊಳ್ಳುತ್ತಾರೆ. ಇಳಿದರೆ "ಈಗ ಅಗ್ಗ" ಎಂದು ಕೊಳ್ಳುತ್ತಾರೆ. ಬೆಲೆಯ ಗುಣಾಂಕ ಸೊನ್ನೆ. ಮಾದರಿಯ ಕೈಗೆ ಸಿಗದ್ದೆಲ್ಲ ಹೋಗಿ ಬೀಳುವುದು ಎರರ್ ಟರ್ಮಿಗೆ.

"ಅಮ್ಮಾ, ನೀನು ಪೂರ್ತಿ ಎರರ್ ಟರ್ಮಿನಲ್ಲಿದ್ದೀಯ."

"ಎಲ್ಲಾದ್ರೂ ಇರ್ತೀನಿ. ಅಕ್ಷಯ ತೃತೀಯ ಬಂತು, ಅವೆನ್ಯೂ ರೋಡಿಗೆ ಗಾಡಿ ತೆಗಿ."