ಬುರಿಟೊ ಭಾಗ್ಯ

ಮರಿಯಮ್ಮನಹಳ್ಳಿಯಲ್ಲಿ ನಾನು ಕಂಡಂತೆ ಬುರಿಟೊ ಮಾರುವ ಹೋಟೆಲು ಒಂದೂ ಇಲ್ಲ. ಹಾಗಾಗಿಯೇ ಯಾವ ಬುರಿಟೊ ಮೇಲು ಎಂಬ ಚರ್ಚೆಗೆ ಇಲ್ಲಿ ಕೊನೆಯೂ ಇಲ್ಲ. ಹಬ್ಬಕ್ಕೋ ಜಾತ್ರೆಗೋ ಬೆಂಗಳೂರಿನಿಂದ ಊರಿಗೆ ಬಂದ ಹುಡುಗರು ಬಸ್ ಸ್ಟ್ಯಾಂಡಿನ ಅಂಗಡಿ ಮುಂದೆ ನಿಂತು, ಬೆಂಗಳೂರಿನದಕ್ಕೆ ನಾಲ್ಕೂವರೆ ಸ್ಟಾರ್, ಹಂಪಿಯದಕ್ಕೆ ಮೂರು, ಹೊಸಪೇಟೆಯದಕ್ಕೆ ಎರಡು ಎಂದು ತೀರ್ಪು ಕೊಡುತ್ತಾರೆ. ಆ ಹೊತ್ತಿಗೆ ಅವರ ಕೈಯಲ್ಲಿರುವುದು ಒಗ್ಗರಣೆ ಮಂಡಕ್ಕಿ, ಮಿರ್ಚಿ. ಅದಕ್ಕೆ ಸ್ಟಾರ್ ಇಲ್ಲ. ಇನ್ನೊಂದು ಪ್ಲೇಟ್ ಮಾತ್ರ ಬೇಕು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬುರಿಟೊ ಮೆಕ್ಸಿಕೊ ದೇಶದ ಉತ್ತರ ಭಾಗದ ತಿನಿಸು. ಗೋಧಿ ಹಿಟ್ಟಿನ ಅಗಲವಾದ ತೆಳು ರೊಟ್ಟಿಯೊಳಗೆ ಬೇಯಿಸಿದ ಕಾಳು, ಮಾಂಸ, ಖಾರ ಇಟ್ಟು ಸುತ್ತುತ್ತಾರೆ. ಅದು ಗಡಿ ದಾಟಿ ಅಮೆರಿಕಕ್ಕೆ ಹೋಗಿ ಅನ್ನವನ್ನೂ ತುಂಬಿಸಿಕೊಂಡು ದಪ್ಪಗಾಯಿತು. ದಪ್ಪಗಾದ ಮೇಲೆ ಕೋರ್ಟನ್ನೂ ಹತ್ತಿತು. 2006ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯಾಯಾಧೀಶರೊಬ್ಬರು ಬುರಿಟೊ ಸ್ಯಾಂಡ್‌ವಿಚ್ ಹೌದೋ ಅಲ್ಲವೋ ಎಂಬ ವ್ಯಾಜ್ಯ ಕೇಳಿ, ಅಲ್ಲ ಎಂದು ತೀರ್ಪಿತ್ತರು. 2014ರಲ್ಲಿ ಅಲ್ಲಿನ ಅಂಕಿಅಂಶದ ಪಂಡಿತರು 67,000ಕ್ಕೂ ಹೆಚ್ಚು ಹೋಟೆಲುಗಳನ್ನು ಜರಡಿ ಹಿಡಿದು 64 ಬುರಿಟೊಗಳನ್ನು ಕಣಕ್ಕಿಳಿಸಿದರು. ಸ್ಯಾನ್ ಫ್ರಾನ್ಸಿಸ್ಕೊದ ಲಾ ಟಕೇರಿಯಾ ಗೆದ್ದಿತು. ಅದರ ಬುರಿಟೊದೊಳಗೆ ಅನ್ನವೇ ಇರುವುದಿಲ್ಲ!

ಅವರಿಗೆ ಪುರುಸೊತ್ತಿದೆ. ನಮ್ಮಲ್ಲಿ ಅಕ್ರಮ ಗಣಿಗಳಿಂದ ಅದಿರು ಎಷ್ಟು ಹೋಯಿತು, ಯಾರು ಒಯ್ದರು ಎಂಬುದನ್ನು ಲೋಕಾಯುಕ್ತ ವರದಿ 2011ರಲ್ಲೇ ಬರೆದಿಟ್ಟರೂ ತಾರೀಕಿನ ಮೇಲೆ ತಾರೀಕು ಬೀಳುತ್ತಲೇ ಬಂತು. ಇನ್ನು ರೊಟ್ಟಿಯ ಕೇಸಿಗೆ ಯಾವ ಕೋರ್ಟು ತಾರೀಕು ಕೊಟ್ಟೀತು? ಆದ್ದರಿಂದ ಯಾವ ಬುರಿಟೊ ಮೇಲು ಎಂದು ತೀರ್ಪು ಕೊಡುವ ಹೊರೆಯನ್ನು ನಾನೇ ಹೊತ್ತಿದ್ದೇನೆ. 2021ರಲ್ಲಿ ನಮ್ಮ ವಿಜಯನಗರ ಜಿಲ್ಲೆಯಾಯಿತು. ಡಿಸಿ ಬಂದರು, ಎಸ್ಪಿ ಬಂದರು, ಫ್ಲೆಕ್ಸುಗಳು ಬಂದವು. ಬುರಿಟೊ ಒಂದು ಬಂದುಬಿಟ್ಟರೆ ಅಭಿವೃದ್ಧಿ ಪೂರ್ಣ.

ಮೊದಲ ಸ್ಪರ್ಧಿ ಹಂಪಿ. ಅಲ್ಲಿನ ಪ್ರವಾಸಿ ಹೋಟೆಲುಗಳ ಮೆನು ಕಾರ್ಡು ಓದುವುದಕ್ಕೆ ಪಾಸ್‌ಪೋರ್ಟ್ ಬೇಕು. ಇಸ್ರೇಲಿನ ಹಮ್ಮಸ್, ಫಲಾಫೆಲ್, ಇಟಲಿಯ ಪಾಸ್ತಾ, ಟಿಬೆಟಿನ ಮೊಮೊ, ಮೆಕ್ಸಿಕೊದ ಬುರಿಟೊ. ಎಂಟು ದೇಶ, ಒಂದೇ ಒಲೆ. ಒಲೆಯ ಮೇಲೆ ಒಂದೇ ಕೆಂಪು ಗ್ರೇವಿ. ಅದು ಪಾಸ್ತಾದ ಮೇಲೆ ಬಿದ್ದರೆ ಇಟಲಿ, ಪನೀರಿನ ಮೇಲೆ ಬಿದ್ದರೆ ಪಂಜಾಬು, ಚಪಾತಿಯೊಳಗೆ ಬಿದ್ದರೆ ಮೆಕ್ಸಿಕೊ. ದೇವಸ್ಥಾನದ ಆಸುಪಾಸು ಮಾಂಸ ನಿಷಿದ್ಧವಾದ್ದರಿಂದ ಮೆಕ್ಸಿಕೊವೂ ಇಲ್ಲಿ ಶುದ್ಧ ಸಸ್ಯಾಹಾರಿ. ಮರಿಯಮ್ಮನಹಳ್ಳಿಯವರಿಗೆ ಇದರಲ್ಲಿ ಮೋಸ ಕಾಣುವುದಿಲ್ಲ, ನಾಟಕ ಕಾಣುತ್ತದೆ. ಲಲಿತ ಕಲಾ ರಂಗವೆಂಬ ನಾಟಕ ತಂಡದ ಊರು ಇದು, ರಂಗನಟಿ ಕೆ. ನಾಗರತ್ನಮ್ಮನವರ ಊರು, ಜೋಗತಿ ನೃತ್ಯದ ಪದ್ಮಶ್ರೀ ಮಂಜಮ್ಮ ಜೋಗತಿಯವರ ಊರು. ಪರದೆ ಸರಿದೊಡನೆ ಪಾತ್ರಧಾರಿ ಯಾರೆಂದು ಇಲ್ಲಿನ ಕೂಸೂ ಹೇಳುತ್ತದೆ. ಹಂಪಿಯ ಬುರಿಟೊ ಎಂದರೆ ಬಣ್ಣ ಹಚ್ಚಿಕೊಂಡು ರಂಗಕ್ಕೆ ಬಂದ ನಮ್ಮ ಚಪಾತಿಯೇ. ಆದರೆ ಕಲಾವಿದೆಯರು ಪಾತ್ರದೊಳಕ್ಕೆ ಇಳಿಯುತ್ತಾರೆ. ಈ ಚಪಾತಿಗೆ ಮಾತೇ ಬಾಯಿಪಾಠವಾಗಿಲ್ಲ.

ಹಾಗೆಂದು ಹೋಟೆಲಿನವರನ್ನು ಬೈಯುವಂತಿಲ್ಲ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದವರನ್ನು ಎಬ್ಬಿಸಿದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಹಿಂದೆಯೇ ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಜೆಸಿಬಿ ಬಾಯಿಗೆ ಬಿದ್ದವು. ನಾಳೆ ಗೋಡೆ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ಇವತ್ತೇ ಎಂಟು ದೇಶ ಬೇಯಿಸಿಕೊಳ್ಳುತ್ತಾನೆ. ಕೇಳಬೇಕಾದದ್ದು ತಿನ್ನುವವರನ್ನು. ಏಳು ಸಮುದ್ರ ದಾಟಿ ಬಂದವನು ಕಲ್ಲಿನ ರಥ ನೋಡಿ, ತನ್ನೂರಿನ ತಿಂಡಿ ಹುಡುಕುತ್ತಾನೆ. ಹೊಸಪೇಟೆಯಿಂದ ಬೈಕಿನಲ್ಲಿ ಬಂದವನು ಅವನ ಪಕ್ಕದ ಮೇಜಿನಲ್ಲಿ ಕೂತು ಅದೇ ತಿಂಡಿ ತರಿಸುತ್ತಾನೆ. ಇಬ್ಬರೂ ಪ್ರವಾಸಿಗರೇ, ಒಬ್ಬನಿಗೆ ಮಾತ್ರ ವೀಸಾ ಇದೆ.

ಎರಡನೆಯ ಸ್ಪರ್ಧಿ ಹೊಸಪೇಟೆ. ಅಲ್ಲಿ ‘ಮೆಕ್ಸಿಕನ್ ರೋಲ್’ ಎಂಬ ಬೋರ್ಡಿನ ಕೆಳಗೆ ಎಲೆಕೋಸು, ಕೆಂಪು ಸಾಸು, ಬಿಳಿ ಮೆಯೋನೀಸು ಸುತ್ತಿ ಕೊಡುತ್ತಾರೆ. ನಿನ್ನೆ ಅದೇ ಬಂಡಿ ‘ಶಾಂಘೈ ರೋಲ್’ ಮಾರುತ್ತಿತ್ತು. ದೇಶ ಬದಲಾಯಿತು, ಎಲೆಕೋಸು ಬದಲಾಗಲಿಲ್ಲ. ಸ್ಥಿರ ಸರ್ಕಾರ ಬೇಕೆನ್ನುವವರು ಈ ಎಲೆಕೋಸನ್ನು ನೋಡಿ ಕಲಿಯಬೇಕು.

ಮೂರನೆಯ ಸ್ಪರ್ಧಿಯ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ: ಮರಿಯಮ್ಮನಹಳ್ಳಿಯ ರೊಟ್ಟಿ ಖಾನಾವಳಿ. ನಿಯಮವೆಂದರೆ ನಿಯಮ, ಎಲ್ಲರಿಗೂ ಒಂದೇ. ಹೊದಿಕೆ: ಜೋಳದ ರೊಟ್ಟಿ. ಗೋಧಿಗಿರುವ ಜಿಗುಟು ಜೋಳಕ್ಕಿಲ್ಲ. ಅದು ಲಟ್ಟಣಿಗೆಗೆ ಸುಲಭವಾಗಿ ಬಗ್ಗದು. ಕುದಿಯುವ ಎಸರು ಹಾಕಿ ನಾದಿ, ಅಂಗೈಯಲ್ಲಿ ತಟ್ಟಿ ತಟ್ಟಿ ಅಗಲ ಮಾಡಬೇಕು. ಗೋಧಿ ರೊಟ್ಟಿ ಸುತ್ತುವವನಿಗೆ ಕೆಲಸ ಬಂದರೆ ಸಾಕು, ಇಲ್ಲಿ ವಿದ್ಯೆಯೇ ಬೇಕು. ಹೂರಣ: ಎಣ್ಣೆಗಾಯಿ, ಮಡಿಕೆಕಾಳು, ಪುಂಡಿಪಲ್ಲೆ. ಖಾರ: ಕೆಂಪು ಚಟ್ನಿ, ಶೇಂಗಾ ಪುಡಿ, ಗುರೆಳ್ಳು ಪುಡಿ. ಅವರು ಹುಳಿ ಕೆನೆ ಹಾಕುವ ಜಾಗದಲ್ಲಿ ಇಲ್ಲಿ ಗಟ್ಟಿ ಮೊಸರು. ಬಿಸಿ ರೊಟ್ಟಿಗೆ ಬೆಣ್ಣೆ, ಪುಡಿ ಸವರಿ ಸುರುಳಿ ಸುತ್ತಿ ಮಗುವಿನ ಕೈಗೆ ಕೊಟ್ಟು ಶಾಲೆಗೆ ಓಡಿಸುವುದು ಈ ಸೀಮೆಯ ತಾಯಂದಿರಿಗೆ ಹೊಸದಲ್ಲ. ಆದರೆ ಅವರು ಬ್ರ್ಯಾಂಡ್ ಮಾಡಲಿಲ್ಲ. 2012ರಲ್ಲಿ ಬರ್ಟ್ ಮ್ಯೂಲರ್ ಎಂಬ ಅಮೆರಿಕದ ತರುಣ ಬೆಂಗಳೂರಿಗೆ ಬಂದು ಕ್ಯಾಲಿಫೋರ್ನಿಯಾ ಬುರಿಟೊ ಶುರುಮಾಡಿದ. ಇವತ್ತು ಅದಕ್ಕೆ ಹಲವು ನಗರಗಳಲ್ಲಿ ಶಾಖೆ. ನಮ್ಮ ಅವ್ವಂದಿರಿಗೆ ಒಂದೇ ಶಾಖೆ, ಹಿತ್ತಲ ಒಲೆಯದು.

ಹತ್ತಿರದ ಉಕ್ಕಿನ ಕಾರ್ಖಾನೆಯ ಕಿರಿಯ ಎಂಜಿನಿಯರೊಬ್ಬ ಮೊನ್ನೆ ಖಾನಾವಳಿಗೆ ಬಂದಿದ್ದ.

“ಅಕ್ಕಾ, ಇದ್ರಾಗ ಅವಕಾಡೊ ಹಾಕಂಗಿಲ್ಲೇನ್ರಿ?”

“ಬದ್ನಿಕಾಯಿ ಐತಪಾ. ತಿಂತೀಯೋ, ಫೋಟೊ ಹೊಡ್ಕಂತೀಯೋ ಹೇಳು. ಹಿಂದ ಮಂದಿ ನಿಂತಾರ.”

ಹುಡುಗ ಎರಡನ್ನೂ ಮಾಡಿದ. ಫೋಟೊ ಎಲ್ಲಿಗೂ ಹಾಕಲಿಲ್ಲ.

ಇನ್ನೂ ದೊಡ್ಡ ತಮಾಷೆ ಬೇರೆ ಇದೆ. ಮೆಕ್ಸಿಕೊ ಈ ನೆಲಕ್ಕೆ ಬಂದು ಶತಮಾನಗಳೇ ಆದವು. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ; ಟೊಮ್ಯಾಟೊ, ಶೇಂಗಾ, ಮೆಕ್ಕೆಜೋಳವೂ ಅಲ್ಲಿಯವೇ. ಮೆಣಸಿನಕಾಯಿ ಪೋರ್ಚುಗೀಸರ ಹಡಗೇರಿ ಈ ಕಡೆ ಬಂದಿತು. ಕೃಷ್ಣದೇವರಾಯರ ಅರಮನೆಯ ಖಾರ ಕಾಳುಮೆಣಸಿನದ್ದು; ಅಷ್ಟು ದೊಡ್ಡ ಸಾಮ್ರಾಜ್ಯ ಆಳಿಯೂ ಮಿರ್ಚಿ ಬಜಿ ಕಾಣದೆ ಹೋದರು ಪಾಪ. 1520ರ ಸುಮಾರಿಗೆ ಹಂಪಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜಗತ್ತಿನಲ್ಲಿ ಇಷ್ಟು ಸಮೃದ್ಧವಾಗಿ ದಿನಸಿ ಸಿಗುವ ನಗರ ಇನ್ನೊಂದಿಲ್ಲವೆಂಬ ಅರ್ಥದಲ್ಲಿ ಬರೆದಿಟ್ಟ. ಐನೂರು ವರ್ಷದ ಹಿಂದೆಯೇ ಪೂರ್ತಿ ಐದು ಸ್ಟಾರ್ ಕೊಟ್ಟ ಗಿರಾಕಿ ಅವನು. ನಾವು ಓದಲಿಲ್ಲ, ಇಂಗ್ಲಿಷಿನಲ್ಲಿ ಬರೆದಿರಲಿಲ್ಲವಲ್ಲ.

ಇವತ್ತು ಈ ಸೀಮೆಯ ಒಣಭೂಮಿಯಲ್ಲಿ ಮೆಕ್ಕೆಜೋಳ ಬೆಳೆಯುತ್ತೇವೆ, ಕ್ವಿಂಟಲ್ ಲೆಕ್ಕದಲ್ಲಿ ಕೋಳಿ ಮೇವಿಗೆ ಮಾರುತ್ತೇವೆ. ಕಂಪ್ಲಿಯಲ್ಲಿ ಸೋನಾ ಮಸೂರಿ ಬೆಳೆಯುತ್ತೇವೆ. ಆ ದುಡ್ಡು ಹಿಡಿದು ಹಂಪಿಗೆ ಹೋಗಿ ಅದೇ ಅನ್ನವನ್ನು ಚಪಾತಿಯಲ್ಲಿ ಸುತ್ತಿಸಿಕೊಂಡು, ‘ಅಥೆಂಟಿಕ್ ಇಲ್ಲ’ ಎಂದು ಎರಡು ಸ್ಟಾರ್ ಕಡಿಮೆ ಕೊಟ್ಟು ಬರುತ್ತೇವೆ. ಮೆಕ್ಸಿಕೊದ ಕಾಳು ಕೋಳಿಗೆ, ಮೆಕ್ಸಿಕೊದ ಹೆಸರು ನಮಗೆ. ಈ ಹಂಚಿಕೆಯಲ್ಲಿ ಕೋಳಿಗೇ ಲಾಭ.

ಕೊನೆಯದಾಗಿ ತೀರ್ಪು. ಹೊದಿಕೆ, ಹೂರಣ, ಖಾರ, ಬಿಲ್ಲು, ಯಾವುದರಲ್ಲಿ ಅಳೆದರೂ ಖಾನಾವಳಿಗೇ ಮೊದಲ ಸ್ಥಾನ. ಆದರೆ ಗೆದ್ದ ಮಾತ್ರಕ್ಕೆ ಗಿರಾಕಿ ಬರುವುದಿಲ್ಲ. ಅಕ್ಕನಿಗೆ ಮೂರು ಸಲಹೆ ಕೊಡುತ್ತೇನೆ. ಒಂದು, ರೊಟ್ಟಿ ಎಂಬ ಬೋರ್ಡು ಇಳಿಸಿ ‘ಆರ್ಟಿಸನಲ್ ಜೋವರ್ ವ್ರ್ಯಾಪ್’ ಎಂದು ಹಾಕಬೇಕು. ಎರಡು, ಬೆಲೆ ನಾಲ್ಕು ಪಟ್ಟು ಏರಿಸಬೇಕು. ಅಗ್ಗದ್ದನ್ನು ಹೊಗಳಿದರೆ ನಮ್ಮ ಮಾನ ಹೋಗುತ್ತದೆ. ಮೂರು, ಎರಡನೇ ಸಲ ಪಲ್ಲೆ ಬಡಿಸುವುದನ್ನು ನಿಲ್ಲಿಸಬೇಕು. ಹೊಟ್ಟೆ ತುಂಬಿದವನು ವಿಮರ್ಶೆ ಬರೆಯುವುದಿಲ್ಲ. ಇಷ್ಟು ಮಾಡಿದರೆ ಮುಂದಿನ ಜಾತ್ರೆಯ ಹೊತ್ತಿಗೆ ನಮ್ಮ ಹುಡುಗರು ಬೆಂಗಳೂರಿನ ಗೆಳೆಯರನ್ನು ಕರೆತಂದು, “ನಮ್ಮೂರಲ್ಲೂ ಸಿಗ್ತದೆ” ಎಂದು ಎದೆಯುಬ್ಬಿಸುತ್ತಾರೆ. ಆಗ ಊರಿನ ಬಡವರು ಎಲ್ಲಿ ಉಣ್ಣಬೇಕೆಂಬ ಪ್ರಶ್ನೆಯನ್ನು ಸರ್ಕಾರ ನೋಡಿಕೊಳ್ಳಲಿ. ‘ಭಾಗ್ಯ’ ಯೋಜನೆಯೊಂದನ್ನು ಹುಡುಕುವುದು ಅದಕ್ಕೆ ಕಷ್ಟವೇನಲ್ಲ.