ಎರಡನೇ ಅರ್ಜಿಯ ಎರಡು ವಾರ

ಅಮೆರಿಕದಲ್ಲಿ ಡಾಕ್ಟರಾಗಲು ಹೊರಟವರಿಗೆ ಜುಲೈ ಎಂದರೆ ಅಪ್ಪಟ ಆಷಾಢ: ಮದುವೆಯಿಲ್ಲ, ಮುಂಜಿಯಿಲ್ಲ, ಬರೀ ಬರವಣಿಗೆ. ‘ಆಮ್‌ಕ್ಯಾಸ್’ ಎಂಬ ಕೇಂದ್ರ ವ್ಯವಸ್ಥೆಗೆ ಮೇ ಕೊನೆಗೋ ಜೂನ್‌ನಲ್ಲೋ ಮೊದಲ ಅರ್ಜಿ ಹಾಕಿ ಉಸ್ಸಪ್ಪಾ ಎನ್ನುವಷ್ಟರಲ್ಲಿ ಒಂದೊಂದೇ ಕಾಲೇಜಿನಿಂದ ‘ಸೆಕೆಂಡರಿ’ ಎಂಬ ಎರಡನೇ ಅರ್ಜಿ ಬಂದು ಬೀಳುತ್ತದೆ. ಕೆಲವು ಕಾಲೇಜುಗಳು ಅಳೆದು ತೂಗಿ ಕಳಿಸುತ್ತವೆ. ಹಲವು ಕಾಲೇಜುಗಳು ಅರ್ಜಿ ಹಾಕಿದವರಿಗೆಲ್ಲ ಕಳಿಸುತ್ತವೆ. ಶುಲ್ಕದ ವಿಷಯದಲ್ಲಿ ಮಾತ್ರ ಇಬ್ಬರೂ ಮರೆಗುಳಿಗಳಲ್ಲ.

ಈ ಸೆಕೆಂಡರಿಯಲ್ಲಿ ‘ನಮ್ಮ ಕಾಲೇಜೇ ಏಕೆ?’ ಎಂಬುದು ಕಾಯಂ ಪ್ರಶ್ನೆ. ‘ಯಾರು ಸೇರಿಸಿಕೊಂಡರೂ ಸರಿ’ ಎಂಬ ಸತ್ಯವನ್ನು ಬರೆಯುವಂತಿಲ್ಲ.

ಸೆಕೆಂಡರಿ ಬಂದ ಎರಡು ವಾರದೊಳಗೆ ಉತ್ತರಿಸಿ ಎನ್ನುವುದು ಅನುಭವಿಗಳ ಉಪದೇಶ. ಏಕೆಂದರೆ ಹೆಚ್ಚಿನ ಕಾಲೇಜುಗಳು ಅರ್ಜಿ ಬಂದಹಾಗೆಲ್ಲ ಓದುತ್ತ, ಸಂದರ್ಶನಕ್ಕೆ ಕರೆಯುತ್ತ ಹೋಗುತ್ತವೆ. ಕೊನೆಯ ದಿನಾಂಕವನ್ನೇ ನಂಬಿ ಕೂತವನಿಗೆ ಪಂಕ್ತಿಯಲ್ಲಿ ಎಲೆ ಸಿಗುವುದು ಕಷ್ಟ. ಅವಸರಕ್ಕೆ ಬಿದ್ದವನ ಗತಿಯೇ ಬೇರೆ: ಬಾಸ್ಟನ್‌ನ ಕಾಲೇಜಿಗೆ ‘ಚಿಕಾಗೊ ನನ್ನ ಬಾಲ್ಯದ ಕನಸು’ ಎಂದು ಬರೆದು ಕಳಿಸಿರುತ್ತಾನೆ.

ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಅಷ್ಟೇನೂ ಬದಲಾಗುವುದಿಲ್ಲ. ಜೂನ್‌ನಲ್ಲೇ ಬರೆದಿಡಿ, ಜುಲೈಯಲ್ಲಿ ತಿದ್ದಿ, ಕಾಲೇಜಿನ ಹೆಸರನ್ನು ಎರಡು ಸಲ ಓದಿ ಕಳಿಸಿ.