ದೇಶದ ಪಹಣಿಯಲ್ಲಿ ಖರಾಬು

1,434 ಮೀಟರ್ ಎತ್ತರದಲ್ಲಿದ್ದರೂ ಹೆಸರು ಮಾತ್ರ ಗುಂಡಿ. ಅದಿರು ತೋಡಿ ಭದ್ರಾವತಿಯ ಕುಲುಮೆಗೆ ಕಳಿಸಿದ ಕೆಮ್ಮಣ್ಣುಗುಂಡಿಯಲ್ಲಿ ಅಳತೆಯ ಮಾತು ಆಡುವವರು ಸ್ವಲ್ಪ ಹುಷಾರಾಗಿರಬೇಕು. ಮೊನ್ನೆ ಅಲ್ಲಿನ ಝಡ್ ಪಾಯಿಂಟಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ಕಡೂರು ಕಡೆಯ ಯಜಮಾನರೊಬ್ಬರಿಗೆ ಆ ಹುಷಾರಿ ಇರಲಿಲ್ಲ.

"ನೇಪಾಳ ಎಂಥದ್ರೀ, ನಮ್ಮ ಕರ್ನಾಟಕ ಒಂದೇ ಅದಕ್ಕಿಂತ ದೊಡ್ದು!"

ನಿಜವೇ. ನಮ್ಮದು 1,91,791 ಚದರ ಕಿ.ಮೀ., ನೇಪಾಳ ಸುಮಾರು 1,47,000. ಬಾಂಗ್ಲಾದೇಶವೂ ನಮಗಿಂತ ಚಿಕ್ಕದು. ಹೀಗೆ ಎರಡು ದೇಶಗಳನ್ನು ಗೆದ್ದ ಯಜಮಾನರು ಊರಲ್ಲಿ ಮೂರು ಗುಂಟೆಗಾಗಿ ಒಡಹುಟ್ಟಿದ ತಮ್ಮನ ಮೇಲೆ ಕೋರ್ಟಿಗೆ ಹೋಗಿದ್ದಾರೆ.

ದೇಶಗಳಿಗೂ ಪಹಣಿ ಉಂಟು. ಒಟ್ಟು ವಿಸ್ತೀರ್ಣ ಇಷ್ಟು, ಅದರಲ್ಲಿ ನೆಲ ಇಷ್ಟು, ನೀರು ಇಷ್ಟು. ನಮ್ಮಲ್ಲಿ ಕೆರೆ-ಹಳ್ಳ 'ಬಿ ಖರಾಬು' ಆದ ಹಾಗೆ ಅಲ್ಲಿ ನೀರು ಕಳೆಯುವ ಲೆಕ್ಕ. ಅಮೆರಿಕದ ಸಿಐಎ ಬರೆದಿಟ್ಟ ಪಹಣಿಯ ಪ್ರಕಾರ ಭಾರತದ 32,87,263 ಚ.ಕಿ.ಮೀ.ನಲ್ಲಿ ನೀರು 3,14,070. ಬಾಂಗ್ಲಾದ 1,48,460ರಲ್ಲಿ 18,290. ಭೂತಾನ್ 38,394, ನೀರು ಸೊನ್ನೆ! ಹೊಳೆಯಿಂದ ಕರೆಂಟು ತೆಗೆದು ನಮಗೇ ಮಾರುವ ದೇಶಕ್ಕೆ ಈ ಗತಿ. ಮಾಲ್ದೀವ್ಸ್ 298, ಅಲ್ಲೂ ನೀರು ಸೊನ್ನೆ. ಸುತ್ತ ಕಡಲು ಮೊರೆಯುತ್ತಿದ್ದರೂ ಗುಮಾಸ್ತನ ಲೇಖನಿ ಒದ್ದೆಯಾಗಿಲ್ಲ. ಏಕೆಂದರೆ ಲೆಕ್ಕಕ್ಕೆ ಬರುವುದು ಒಳನಾಡಿನ ನೀರು ಮಾತ್ರ. ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿದರೆ 110 ಚ.ಕಿ.ಮೀ. ದಾಟುತ್ತದೆ, ಅಂಥ ಮೂರು ಸೇರಿದರೆ ಇಡೀ ಮಾಲ್ದೀವ್ಸಿನ ನೆಲ ಮುಳುಗೀತು. 2014ರ ಡಿಸೆಂಬರಿನಲ್ಲಿ ಮಾಲೆ ನಗರದ ಸಿಹಿನೀರು ಘಟಕಕ್ಕೆ ಬೆಂಕಿ ಬಿದ್ದಾಗ ಆ ಸೊನ್ನೆ ನಿಜವಾಗಿ, ಭಾರತ ವಿಮಾನದಲ್ಲಿ ಕುಡಿಯುವ ನೀರು ಕಳಿಸಬೇಕಾಯಿತು.

ಕಡೂರಿನ ಬಯಲಿಗೆ ಇಳಿದರೆ ಲೆಕ್ಕ ಉಲ್ಟಾ. ಅಲ್ಲಿ ನೀರಿದ್ದೂ ಸೊನ್ನೆ, ಇಲ್ಲಿ ಸೊನ್ನೆಯಿದ್ದೂ ಕೆರೆ. ಮಳೆ ಕೈಕೊಟ್ಟ ವರ್ಷ ಕೆರೆಯಂಗಳದಲ್ಲಿ ಜಾಲಿ ಎದ್ದು, ಕುರಿ ಮೇದು, ಹುಡುಗರು ವಿಕೆಟ್ ನೆಟ್ಟರೂ ದಾಖಲೆಯಲ್ಲಿ ಕೆರೆ ತುಂಬಿ ತುಳುಕುತ್ತಿರುತ್ತದೆ. ಅಂಚಿನಿಂದ ವರ್ಷಕ್ಕೊಂದು ಸಾಲು ತೆಂಗಿನ ಸಸಿ ಒಳಗೆ ನಡೆದುಬಂದರೂ ಕಾಗದದ ಮೇಲೆ ಅದರ ವಿಸ್ತೀರ್ಣ ಒಂದು ಗುಂಟೆಯೂ ಕುಗ್ಗುವುದಿಲ್ಲ. ದೇಶದ ಆ 3,14,070ರಲ್ಲಿ ಇಂಥ ಒಣಕೆರೆಗಳೂ ಈಜಾಡುತ್ತಿವೆಯೋ ಏನೋ.

ಯಜಮಾನರೇ, ನೇಪಾಳ ಅಳೆದದ್ದು ಸಾಕು. ಇಳಿದು ಬನ್ನಿ, ನಿಮ್ಮೂರ ಕೆರೆಗೆ ಒಮ್ಮೆ ಟೇಪು ಹಿಡಿಯೋಣ. ನಿಮ್ಮಣ್ಣತಮ್ಮಂದಿರ ಆ ಮೂರು ಗುಂಟೆ ಅಲ್ಲೇ ಸಿಕ್ಕೀತು.